ಒಂದೇ ಕೈಗೆ ಕೊಡದ ನ್ಯಾಯ

ಅಪರಾಧದ ಮೊಕದ್ದಮೆಯೊಂದು ಹುಟ್ಟಿ ಮುಗಿಯುವುದರೊಳಗೆ ಉತ್ತರ ಬೇಡುವ ಪ್ರಶ್ನೆಗಳು ಮುಖ್ಯವಾಗಿ ನಾಲ್ಕು: ಈ ವ್ಯಕ್ತಿಯ ಮೇಲೆ ಆರೋಪ ಹೊರಿಸಲು ತಕ್ಕಷ್ಟು ಸಾಕ್ಷ್ಯವಿದೆಯೇ, ನಿಜವಾಗಿ ನಡೆದದ್ದೇನು, ಅದಕ್ಕೆ ಅನ್ವಯಿಸುವ ಕಾನೂನು ಯಾವುದು, ತಪ್ಪು ರುಜುವಾತಾದರೆ ಶಿಕ್ಷೆ ಎಷ್ಟು. ಈ ನಾಲ್ಕನ್ನೂ ಒಬ್ಬರಿಗೇ ಒಪ್ಪಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಆ ಒಬ್ಬರು ಮೊದಲ ಹೆಜ್ಜೆಯಲ್ಲೇ ಎಡವಿದರೆ ಅದನ್ನು ಕಂಡು ತಡೆಯುವವರು ಯಾರೂ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಎಂಟುನೂರು ವರ್ಷಗಳಿಗೂ ಮಿಕ್ಕಿ ಬೆಳೆದು ಬಂದಿರುವ ನ್ಯಾಯ ವ್ಯವಸ್ಥೆ ಈ ಪ್ರಶ್ನೆಗಳನ್ನು ಬೇರೆ ಬೇರೆಯವರಿಗೆ ಹಂಚಿಕೊಟ್ಟಿದೆ. ತನಿಖೆ ಪೊಲೀಸರದು, ಆರೋಪ ಹೊರಿಸುವ ತೀರ್ಮಾನ ಬಹುಮಟ್ಟಿಗೆ ಪೊಲೀಸರಿಂದ ಸ್ವತಂತ್ರವಾದ ಅಭಿಯೋಜನಾ ಸಂಸ್ಥೆಯದು, ಗಂಭೀರ ಪ್ರಕರಣಗಳಲ್ಲಿ ಸಂಗತಿಯ ನಿರ್ಣಯ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರ ಜ್ಯೂರಿಯದು, ಕಾನೂನಿನ ವ್ಯಾಖ್ಯಾನ ಮತ್ತು ಶಿಕ್ಷೆಯ ಪ್ರಮಾಣ ನ್ಯಾಯಾಧೀಶರದು. ಈ ಹಂಚಿಕೆಯನ್ನು ಯಾರೋ ಒಬ್ಬರು ಕುಳಿತು ಯೋಜಿಸಲಿಲ್ಲ. ಒಂದೊಂದು ಕಾಲದ ಒಂದೊಂದು ಇಕ್ಕಟ್ಟಿಗೆ ಸಿಕ್ಕ ಪರಿಹಾರಗಳು ಒಟ್ಟುಗೂಡಿ ವ್ಯವಸ್ಥೆಯ ರೂಪ ತಳೆದವು. ಭಾರತದ ನ್ಯಾಯಾಲಯಗಳ ಪರಿಭಾಷೆ, ಪಾಟೀಸವಾಲಿನ ಕ್ರಮ, ಹಿಂದಿನ ತೀರ್ಪನ್ನು ಮುಂದಿಟ್ಟು ವಾದಿಸುವ ರೂಢಿ ಬಹುಪಾಲು ಅಲ್ಲಿಂದಲೇ ಬಂದಿರುವುದರಿಂದ, ಆ ಮೂಲ ಎಲ್ಲಿ ಗಟ್ಟಿಯಾಗಿ ನಿಂತಿದೆ, ಎಲ್ಲಿ ಕುಸಿದಿದೆ ಎಂಬುದು ಕನ್ನಡದ ಓದುಗರಿಗೂ ಹತ್ತಿರದ ವಿಷಯ.

ಇಲ್ಲಿ ಇಂಗ್ಲಿಷ್ ವ್ಯವಸ್ಥೆ ಎಂದರೆ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿದ ಒಂದು ನ್ಯಾಯವ್ಯಾಪ್ತಿ. ಬ್ರಿಟನ್ನಿಗೆಲ್ಲ ಒಂದೇ ಕಾನೂನು ಎಂಬ ಭಾವನೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾದ ಸ್ಕಾಟ್ಲೆಂಡ್ ತನ್ನ ಕಾನೂನನ್ನೂ ನ್ಯಾಯಾಲಯಗಳನ್ನೂ ಉಳಿಸಿಕೊಂಡಿತು. ಅಲ್ಲಿನ ಜ್ಯೂರಿಯಲ್ಲಿ ಇರುವವರು ಹದಿನೈದು ಮಂದಿ. ಉತ್ತರ ಐರ್ಲೆಂಡಿನ ನ್ಯಾಯಾಲಯಗಳೂ ಪ್ರತ್ಯೇಕ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಾಗ ಅಲ್ಲಿ ಸೀಮೆಗೊಂದು ರೂಢಿ, ಜಹಗೀರಿಗೊಂದು ಕಟ್ಟಳೆ ಇತ್ತು. ಅವುಗಳ ಮೇಲೆ ದೇಶಕ್ಕೆಲ್ಲ ಅನ್ವಯಿಸುವ ಒಂದು ಕಾನೂನು ರೂಪುಗೊಂಡದ್ದು ಮುಖ್ಯವಾಗಿ ಎರಡನೇ ಹೆನ್ರಿಯ ಕಾಲದಲ್ಲಿ, ಅಂದರೆ 1154ರಿಂದ 1189ರ ನಡುವೆ. ರಾಜನ ನ್ಯಾಯಾಧೀಶರು ಜಿಲ್ಲೆಯಿಂದ ಜಿಲ್ಲೆಗೆ ಸಂಚರಿಸುತ್ತ ಮೊಕದ್ದಮೆಗಳನ್ನು ಕೇಳಿದರು. ಒಂದೆಡೆ ಕಂಡ ಒಳ್ಳೆಯ ನಿಯಮವನ್ನು ಇನ್ನೊಂದೆಡೆ ಅನ್ವಯಿಸಿದರು. ಹೀಗೆ ಎಲ್ಲರಿಗೂ ಸಮಾನವಾಗಿ ಸಲ್ಲುವ ಕಾನೂನು ಎಂಬ ಅರ್ಥದಲ್ಲಿ ಕಾಮನ್ ಲಾ ಎಂಬ ಹೆಸರು ನಿಂತಿತು. 1166ರ ಕ್ಲಾರೆಂಡನ್ ಕಟ್ಟಳೆಯ ಪ್ರಕಾರ ಪ್ರತಿ ಪ್ರದೇಶದ ಹನ್ನೆರಡು ಮಂದಿ ಪ್ರಮಾಣ ಮಾಡಿ, ತಮ್ಮಲ್ಲಿ ಕಳ್ಳರೆಂದೋ ಕೊಲೆಗಾರರೆಂದೋ ಶಂಕೆಯಿರುವವರ ಹೆಸರನ್ನು ರಾಜನ ನ್ಯಾಯಾಧೀಶರಿಗೆ ತಿಳಿಸಬೇಕಿತ್ತು. ಆರೋಪ ಹೊರಿಸುವುದು ಊರಿನವರ ಕೆಲಸವಾಯಿತು. ಆದರೆ ಆರೋಪ ನಿಜವೋ ಸುಳ್ಳೋ ಎಂಬುದನ್ನು ಆಗ ದೈವಪರೀಕ್ಷೆಯೇ ನಿರ್ಣಯಿಸುತ್ತಿತ್ತು: ಕಾಯಿಸಿದ ಕಬ್ಬಿಣ ಹಿಡಿಯುವುದು, ಕಟ್ಟಿದ ಕೈಕಾಲುಗಳೊಡನೆ ನೀರಿಗೆ ಇಳಿಯುವುದು.

ಆ ಪದ್ಧತಿಯನ್ನು ಕೊನೆಗಾಣಿಸಿದ ತೀರ್ಮಾನ ಇಂಗ್ಲೆಂಡಿನದಲ್ಲ, ರೋಮಿನದು. 1215ರಲ್ಲಿ ನಡೆದ ನಾಲ್ಕನೇ ಲ್ಯಾಟೆರನ್ ಸಭೆ ದೈವಪರೀಕ್ಷೆಗಳಲ್ಲಿ ಪಾದ್ರಿಗಳು ಭಾಗವಹಿಸಕೂಡದೆಂದು ವಿಧಿಸಿತು. ಪಾದ್ರಿಯ ಮಂತ್ರವಿಲ್ಲದ ಮೇಲೆ ಆ ಪರೀಕ್ಷೆಗೆ ಬೆಲೆಯೇ ಉಳಿಯಲಿಲ್ಲ. ಯುರೋಪಿನ ಇತರ ಪ್ರದೇಶಗಳು ರೋಮನ್ ಕಾನೂನಿನತ್ತ ತಿರುಗಿ, ಅಧಿಕಾರಿಯೇ ವಿಚಾರಿಸಿ, ಬರೆದುಕೊಂಡು, ತೀರ್ಮಾನಿಸುವ ಕ್ರಮವನ್ನು ಬೆಳೆಸಿದವು. ಇಂಗ್ಲೆಂಡಿನ ನ್ಯಾಯಾಧೀಶರು, ಆರೋಪ ಹೊರಿಸಲು ಊರಿನವರು ಹೇಗೂ ಸೇರಿರುವಾಗ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನೂ ಊರಿನವರಿಂದಲೇ ಹೇಳಿಸೋಣವೆಂದುಕೊಂಡರು. ಅದೇ ವರ್ಷದ ಮ್ಯಾಗ್ನಾ ಕಾರ್ಟಾ, ಸ್ವತಂತ್ರ ಮನುಷ್ಯನನ್ನು ಅವನ ಸಮಾನರ ನಿರ್ಣಯವಿಲ್ಲದೆ ಅಥವಾ ನೆಲದ ಕಾನೂನಿನ ಹೊರತು ಸೆರೆಗೆ ಹಾಕಕೂಡದೆಂದು ಬರೆಯಿತು. ಇವೆರಡರಿಂದ ಇಂದಿನ ಜ್ಯೂರಿ ನೇರವಾಗಿ ಹುಟ್ಟಿತೆನ್ನಲಾಗದು. ಮೊದಮೊದಲ ಜ್ಯೂರಿಯವರು ಸಂಗತಿ ತಿಳಿದ ನೆರೆಹೊರೆಯವರಾಗಿದ್ದರು. ಏನೂ ತಿಳಿಯದೆ ಬಂದು, ಸಾಕ್ಷಿಗಳನ್ನು ಕೇಳಿ, ಆಮೇಲೆ ನಿರ್ಣಯಿಸುವವರಾಗಿ ಅವರು ಬದಲಾದದ್ದು ಹಲವು ಶತಮಾನಗಳ ನಿಧಾನದಲ್ಲಿ.

ಆ ಜ್ಯೂರಿಗೆ ನಿಜವಾದ ಸ್ವಾತಂತ್ರ್ಯ ದೊರೆತದ್ದು 1670ರಲ್ಲಿ. ಕಾನೂನಿಗೆ ವಿರುದ್ಧವಾಗಿ ಲಂಡನ್ನಿನ ಬೀದಿಯಲ್ಲಿ ಧರ್ಮೋಪದೇಶ ಮಾಡಿದರೆಂದು ಕ್ವೇಕರ್ ಪಂಥದ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅವರ ಮೇಲೆ ಮೊಕದ್ದಮೆ ನಡೆಯಿತು. ಜ್ಯೂರಿ ಅವರನ್ನು ತಪ್ಪಿತಸ್ಥರೆನ್ನಲು ಒಪ್ಪಲಿಲ್ಲ. ನ್ಯಾಯಪೀಠ ಜ್ಯೂರಿಯವರನ್ನು ಅನ್ನ ನೀರಿಲ್ಲದೆ ಕೂಡಿಹಾಕಿತು. ಅದಕ್ಕೂ ಅವರು ಮಣಿಯದಿದ್ದಾಗ ದಂಡ ವಿಧಿಸಿ ಸೆರೆಗೆ ಕಳಿಸಿತು. ಅವರಲ್ಲೊಬ್ಬನಾದ ಎಡ್ವರ್ಡ್ ಬುಶೆಲ್ ಹೇಬಿಯಸ್ ಕಾರ್ಪಸ್, ಅಂದರೆ ಸೆರೆಯಲ್ಲಿಟ್ಟವರು ಆ ಸೆರೆಗೆ ಕಾರಣ ತೋರಿಸಬೇಕೆಂಬ ಆದೇಶ, ಕೋರಿದಾಗ ಮುಖ್ಯ ನ್ಯಾಯಾಧೀಶ ವಾನ್ ಅವನನ್ನು ಬಿಡುಗಡೆ ಮಾಡಿ, ಜ್ಯೂರಿಯ ನಿರ್ಣಯಕ್ಕಾಗಿ ಜ್ಯೂರಿಯನ್ನು ದಂಡಿಸುವಂತಿಲ್ಲವೆಂದು ಸಾರಿದ. ಇಂಗ್ಲಿಷ್ ನ್ಯಾಯದ ಚರಿತ್ರೆಯಲ್ಲಿ ಇದಕ್ಕೆ ಸರಿಸಾಟಿಯಾದ ಕ್ಷಣಗಳು ಬಹಳ ಇಲ್ಲ: ಸಂಗತಿಯ ನಿರ್ಣಯವು ನ್ಯಾಯಾಧೀಶನ ಕೈಯಿಂದಲೂ, ಅವನ ಬೆನ್ನಿಗಿದ್ದ ಪ್ರಭುತ್ವದ ಕೈಯಿಂದಲೂ ಶಾಶ್ವತವಾಗಿ ಹೊರಗೆ ಬಂದದ್ದು ಆಗಲೇ.

ಸಿವಿಲ್ ವ್ಯಾಜ್ಯಗಳ ಕಡೆ ಹಂಚಿಕೆ ಬೇರೆ ದಾರಿಯಲ್ಲಿ ನಡೆಯಿತು. ರಾಜನ ನ್ಯಾಯಾಲಯವನ್ನು ಪ್ರವೇಶಿಸಲು ರಿಟ್ ಎಂಬ ಮೊಹರಿನ ಆಜ್ಞಾಪತ್ರ ಪಡೆಯಬೇಕಿತ್ತು. ಒಂದೊಂದು ಬಗೆಯ ದೂರಿಗೆ ಒಂದೊಂದು ರಿಟ್. ತನ್ನ ಸಂಕಟಕ್ಕೆ ಹೊಂದುವ ರಿಟ್ ಇಲ್ಲದವನಿಗೆ ಪರಿಹಾರವೂ ಇಲ್ಲ. ಪರಿಹಾರ ಸಿಕ್ಕರೂ ಅದು ಸಾಮಾನ್ಯವಾಗಿ ಹಣದ ರೂಪದ್ದು. ಈ ಬಿಗಿಯಲ್ಲಿ ಸಿಕ್ಕಿಬಿದ್ದವರು ರಾಜನಿಗೆ ಮೊರೆಯಿಟ್ಟಾಗ ರಾಜ ಅವನ್ನು ತನ್ನ ಮಂತ್ರಿಯೂ ಬಹುಕಾಲ ಧರ್ಮಗುರುವೂ ಆಗಿದ್ದ ಚಾನ್ಸಲರನಿಗೆ ಕಳಿಸುತ್ತಿದ್ದ. ಚಾನ್ಸಲರನು ನಿಯಮದ ಅಕ್ಷರಕ್ಕಿಂತ ಎದುರಾಳಿಯ ಮನಸ್ಸಾಕ್ಷಿಯನ್ನು ವಿಚಾರಿಸಿ ಆಜ್ಞೆ ಕೊಡುತ್ತಿದ್ದ. ಹೀಗೆ ಈಕ್ವಿಟಿ ಎಂಬ ಎರಡನೆಯ ನ್ಯಾಯಧಾರೆ ಹುಟ್ಟಿತು. ಅದರ ಅತಿದೊಡ್ಡ ಕೊಡುಗೆ ಟ್ರಸ್ಟ್, ಅಂದರೆ ನ್ಯಾಸ. ಒಬ್ಬನು ತನ್ನ ಜಮೀನನ್ನು ಗೆಳೆಯನ ಹೆಸರಿಗೆ ಮಾಡಿ, ಇದರ ಫಲ ನನ್ನ ಮಕ್ಕಳಿಗೆ ಸಲ್ಲಲಿ ಎಂದು ಒಪ್ಪಿಸಿ ಹೋದರೆ, ಕಾಮನ್ ಲಾ ಕಣ್ಣಿಗೆ ಗೆಳೆಯನೇ ಸಂಪೂರ್ಣ ಒಡೆಯ; ಈಕ್ವಿಟಿ ಮಾತ್ರ ಅವನನ್ನು ಮಕ್ಕಳ ಪರವಾಗಿ ಆಸ್ತಿ ಹಿಡಿದಿರುವವನೆಂದು ಕಂಡು ಮಾತಿಗೆ ಕಟ್ಟಿಹಾಕಿತು. ನಿರ್ಬಂಧಕಾಜ್ಞೆ ಅಥವಾ ಇಂಜಂಕ್ಷನ್, ಕರಾರನ್ನು ಅಕ್ಷರಶಃ ನೆರವೇರಿಸುವಂತೆ ಮಾಡುವ ಆದೇಶ ಇವೂ ಅಲ್ಲಿಂದಲೇ ಬಂದವು. ಎರಡು ಧಾರೆಗಳು ಘರ್ಷಿಸಿದಾಗ ಈಕ್ವಿಟಿಯೇ ಮೇಲೆಂದು ಮೊದಲನೇ ಜೇಮ್ಸ್ 1616ರಲ್ಲಿ ತೀರ್ಮಾನಿಸಿದ. 1873 ಮತ್ತು 1875ರ ಕಾಯ್ದೆಗಳು ಎರಡೂ ಬಗೆಯ ನ್ಯಾಯಾಲಯಗಳನ್ನು ಒಂದು ಮಾಡಿದವು. ಇಂದು ಯಾವುದೇ ನ್ಯಾಯಾಧೀಶರು ಎರಡನ್ನೂ ಅನ್ವಯಿಸಬಲ್ಲರು.

ಕಾಮನ್ ಲಾ ನ್ಯಾಯಾಧೀಶರು ಕಟ್ಟಿದ ಕಾನೂನು ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಒಬ್ಬ ನ್ಯಾಯಾಧೀಶರು ತಮಗಿಷ್ಟವಾದ ನಿಯಮವನ್ನು ಹೊರಡಿಸಲಾರರು. ಅವರ ಮುಂದಿರುವುದು ಇಬ್ಬರ ನಡುವಣ ಒಂದು ಜಗಳ, ಆ ಜಗಳವನ್ನು ತೀರಿಸಲು ಅಗತ್ಯವಾದ ಕಾನೂನಿನ ಕಾರಣವಷ್ಟೇ ಮುಂದಿನವರನ್ನು ಕಟ್ಟುತ್ತದೆ. ಅದನ್ನು ತೀರ್ಪಿನ ಸಾರಕಾರಣ ಎನ್ನಬಹುದು. ಪ್ರಾಸಂಗಿಕವಾಗಿ ಹೇಳಿದ ಉಳಿದ ಮಾತುಗಳಿಗೆ ತೂಕವಿರಬಹುದು, ಬಂಧಕ ಬಲವಿಲ್ಲ. ಮೇಲಿನ ನ್ಯಾಯಾಲಯದ ಸಾರಕಾರಣ ಕೆಳಗಿನದನ್ನು ಕಟ್ಟುತ್ತದೆ; ಕೆಳಗಿನ ನ್ಯಾಯಾಧೀಶರು ಅದು ತಪ್ಪೆಂದು ಭಾವಿಸಿದರೆ ಹಾಗೆಂದು ಬರೆಯಬಹುದು, ಆದರೂ ಪಾಲಿಸಲೇಬೇಕು. ಅದರಿಂದ ತಪ್ಪಿಸಿಕೊಳ್ಳುವ ಪ್ರಾಮಾಣಿಕ ದಾರಿಯೆಂದರೆ ಹಿಂದಿನ ಪ್ರಕರಣದ ಸಂಗತಿಗೂ ಇಂದಿನದಕ್ಕೂ ಕಾನೂನಿಗೆ ಸಂಬಂಧಿಸಿದ ನಿಜವಾದ ವ್ಯತ್ಯಾಸವಿದೆಯೆಂದು ತೋರಿಸುವುದು. ವಕೀಲರ ಜಾಣ್ಮೆಯ ಬಹುಪಾಲು ಖರ್ಚಾಗುವುದು ಇಲ್ಲೇ.

ಸಣ್ಣ ಜಗಳ ಹೇಗೆ ದೊಡ್ಡ ನಿಯಮವಾಗುತ್ತದೆ ಎಂಬುದಕ್ಕೆ ಎಲ್ಲ ಕಾನೂನು ವಿದ್ಯಾರ್ಥಿಗಳೂ ಬಲ್ಲ ಉದಾಹರಣೆ ಡೊನಹ್ಯೂ ವಿರುದ್ಧ ಸ್ಟೀವನ್‌ಸನ್. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಹೋಟೆಲೊಂದರಲ್ಲಿ ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಕುಡಿದ ಮಹಿಳೆಯೊಬ್ಬರು, ಬಾಟಲಿಯಿಂದ ಕೊಳೆತ ಬಸವನಹುಳು ಹೊರಬಂತೆಂದೂ ಅದರಿಂದ ತಾವು ಕಾಯಿಲೆ ಬಿದ್ದೆವೆಂದೂ ದೂರಿದರು. ಹಣ ಕೊಟ್ಟು ಕೊಂಡದ್ದು ಗೆಳತಿಯಾದ್ದರಿಂದ ಕರಾರಿನ ಕಾನೂನು ಅವರ ನೆರವಿಗೆ ಬರುವಂತಿರಲಿಲ್ಲ. 1932ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮೂರಕ್ಕೆ ಎರಡರ ಬಹುಮತದಿಂದ, ತಯಾರಕನಿಗೂ ಕೊನೆಯ ಬಳಕೆದಾರನಿಗೂ ಕರಾರಿಲ್ಲದಿದ್ದರೂ ತಯಾರಕನ ಮೇಲೆ ಎಚ್ಚರಿಕೆಯ ಹೊಣೆಯಿದೆ ಎಂದು ತೀರ್ಪಿತ್ತಿತು. ತನ್ನ ಅಲಕ್ಷ್ಯದಿಂದ ಹಾನಿಗೀಡಾಗಬಹುದೆಂದು ಊಹಿಸಬಹುದಾದ ಪ್ರತಿಯೊಬ್ಬರೂ ಕಾನೂನಿನ ದೃಷ್ಟಿಯಲ್ಲಿ ನೆರೆಯವರೇ ಎಂಬುದು ಲಾರ್ಡ್ ಅಟ್ಕಿನ್ ಅವರ ವಿಚಾರಸರಣಿ. ಅಲಕ್ಷ್ಯಕ್ಕೆ ಪರಿಹಾರ ಕೋರಿ ಬೆಂಗಳೂರಿನಲ್ಲಿ ದಾಖಲಾಗುವ ದಾವೆಯ ವಾದಸರಣಿಯಲ್ಲೂ ಆ ತರ್ಕ ಹರಿಯುತ್ತಿದೆ.

ನ್ಯಾಯಾಧೀಶರ ಕಾನೂನು ತನ್ನ ಹಳೆಯ ಅನ್ಯಾಯವನ್ನು ತಾನೇ ತಿದ್ದಿಕೊಂಡದ್ದೂ ಉಂಟು. ವಿವಾಹಕ್ಕೆ ಒಪ್ಪಿದ ಹೆಂಡತಿ ದೈಹಿಕ ಸಂಬಂಧಕ್ಕೂ ಶಾಶ್ವತವಾಗಿ ಒಪ್ಪಿರುತ್ತಾಳಾದ್ದರಿಂದ ಗಂಡನು ಅತ್ಯಾಚಾರದ ಅಪರಾಧಿಯಾಗಲಾರನೆಂದು 17ನೇ ಶತಮಾನದ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬರೆದಿಟ್ಟಿದ್ದ. ಆ ಮಾತು ಶತಮಾನಗಳ ಕಾಲ ಕಾನೂನಾಗಿ ನಡೆಯಿತು. 1991ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸರ್ವಾನುಮತದಿಂದ ಅದನ್ನು ತಳ್ಳಿಹಾಕಿತು. ಅದೇ ಮೂಲದಿಂದ ಭಾರತೀಯ ದಂಡ ಸಂಹಿತೆಗೆ ಬಂದ ವಿನಾಯಿತಿ ಮಾತ್ರ 2023ರ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದುಕೊಂಡಿದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಹೆಂಡತಿಯ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿ, ಈ ವಿನಾಯಿತಿ ನಿರಪೇಕ್ಷವಾಗಲಾರದು ಎಂದಿತ್ತು. ಹುಟ್ಟಿದ ನೆಲದಲ್ಲಿ ಸತ್ತ ನಿಯಮವೊಂದು ಇಲ್ಲಿ ಇಷ್ಟು ದೀರ್ಘಕಾಲ ಬದುಕಿರುವುದು ಖೇದಕರ.

ನ್ಯಾಯಾಧೀಶರ ಕಾನೂನಿನ ಮೇಲೆ ಸಂಸತ್ತಿನ ಶಾಸನವಿದೆ, ಅದರ ಮೇಲೆ ಯಾವುದೂ ಇಲ್ಲ. ಒಂದೇ ಗ್ರಂಥವಾಗಿ ಬರೆದ ಸಂವಿಧಾನವಿಲ್ಲದ ಆ ದೇಶದಲ್ಲಿ ಸಂಸತ್ತು ಮಾಡಿದ ಕಾಯ್ದೆಯನ್ನು ಅಸಿಂಧುವೆಂದು ಘೋಷಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ 1973ರ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂದದ್ದನ್ನು ಬಲ್ಲವರಿಗೆ ಇದು ಅಚ್ಚರಿಯೆನಿಸೀತು. 1998ರ ಮಾನವ ಹಕ್ಕುಗಳ ಕಾಯ್ದೆಯ ಪ್ರಕಾರ ಇಂಗ್ಲಿಷ್ ನ್ಯಾಯಾಲಯ ಮಾಡಬಹುದಾದದ್ದು ಇಷ್ಟೇ: ಸಾಧ್ಯವಿದ್ದಷ್ಟೂ ಶಾಸನವನ್ನು ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಗೆ ಹೊಂದುವಂತೆ ಅರ್ಥೈಸುವುದು, ಸಾಧ್ಯವೇ ಇಲ್ಲವೆಂದಾದರೆ ಎರಡಕ್ಕೂ ಹೊಂದಿಕೆಯಿಲ್ಲವೆಂದು ಘೋಷಿಸುವುದು. ಘೋಷಣೆಯ ನಂತರವೂ ಶಾಸನ ಜಾರಿಯಲ್ಲೇ ಇರುತ್ತದೆ. ತಿದ್ದುವ ಹೊಣೆ ಸಂಸತ್ತಿನದು. ಸರ್ಕಾರದ ಕ್ರಮಗಳ ಮಾತು ಬೇರೆ. ಮಂತ್ರಿಯಾಗಲಿ ಅಧಿಕಾರಿಯಾಗಲಿ ಕಾನೂನು ಕೊಟ್ಟ ಅಧಿಕಾರದ ಎಲ್ಲೆ ಮೀರಿದರೆ ನ್ಯಾಯಾಂಗ ಪುನರ್ವಿಮರ್ಶೆಯ ಮೂಲಕ ನ್ಯಾಯಾಲಯ ಅದನ್ನು ರದ್ದುಮಾಡುತ್ತದೆ. ಪ್ರಧಾನಿ ಬೋರಿಸ್ ಜಾನ್ಸನ್ ಅವರ ಸಲಹೆಯ ಮೇರೆಗೆ ಸಂಸತ್ತಿನ ಅಧಿವೇಶನವನ್ನು ಐದು ವಾರ ಮುಂದೂಡಿದ್ದು ಕಾನೂನುಬಾಹಿರವೆಂದು 2019ರ ಸೆಪ್ಟೆಂಬರ್ 24ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತದ್ದು ಇದರ ಪ್ರಖರ ನಿದರ್ಶನ. ಆ ತೀರ್ಪು ಸಂಸತ್ತಿನ ಮೇಲಾಧಿಕಾರವನ್ನು ಕುಗ್ಗಿಸಲಿಲ್ಲ, ಸರ್ಕಾರದಿಂದ ಅದನ್ನು ಕಾಪಾಡಿತು.

ಆ ತೀರ್ಪು ನೀಡಿದ ಸುಪ್ರೀಂ ಕೋರ್ಟ್ ಹೊಸದು. 2009ರ ಅಕ್ಟೋಬರ್‌ವರೆಗೆ ದೇಶದ ಅತ್ಯುನ್ನತ ನ್ಯಾಯಾಲಯ ಎಂದರೆ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಒಂದು ಸಮಿತಿ. ಲಾರ್ಡ್ ಚಾನ್ಸಲರ್ ಎಂಬ ಒಬ್ಬರೇ ಮಂತ್ರಿಮಂಡಲದ ಸದಸ್ಯ, ಮೇಲ್ಮನೆಯ ಸಭಾಪತಿ, ನ್ಯಾಯಾಂಗದ ಮುಖ್ಯಸ್ಥ ಎಂಬ ಮೂರು ಸ್ಥಾನಗಳಲ್ಲಿದ್ದರು. 2005ರ ಸಂವಿಧಾನ ಸುಧಾರಣಾ ಕಾಯ್ದೆ ಇದನ್ನು ಬಿಡಿಸಿತು: ನ್ಯಾಯಾಂಗದ ನೇತೃತ್ವ ಮುಖ್ಯ ನ್ಯಾಯಮೂರ್ತಿಗೆ, ನ್ಯಾಯಾಧೀಶರ ಆಯ್ಕೆ ಸ್ವತಂತ್ರ ಆಯೋಗಕ್ಕೆ, ಅಂತಿಮ ಮೇಲ್ಮನವಿ ಹನ್ನೆರಡು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟಿಗೆ ಹೋಯಿತು. 2023ರಲ್ಲಿ ಸ್ಯೂ ಕಾರ್ ಅವರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಮುಖ್ಯ ನ್ಯಾಯಮೂರ್ತಿಯಾದ ಮೊದಲ ಮಹಿಳೆಯಾದರು.

ಶಿಖರದ ನ್ಯಾಯಾಲಯಗಳ ಸುದ್ದಿ ಜಗತ್ತಿಗೆಲ್ಲ ತಲುಪುತ್ತದೆ. ಜನಸಾಮಾನ್ಯರು ಕಾಣುವ ನ್ಯಾಯಾಲಯ ಬುಡದಲ್ಲಿದೆ. ಅಪರಾಧದ ಮೊಕದ್ದಮೆಗಳೆಲ್ಲ ಮೊದಲು ಹೋಗುವುದು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ, ಶೇ 90ಕ್ಕೂ ಹೆಚ್ಚಿನವು ಅಲ್ಲೇ ಮುಗಿಯುತ್ತವೆ. ಭಾರತದ ಓದುಗರು ಮ್ಯಾಜಿಸ್ಟ್ರೇಟ್ ಎಂದೊಡನೆ ಸಂಬಳದ ಅಧಿಕಾರಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಅವರಲ್ಲಿ ಹೆಚ್ಚಿನವರು ಕಾನೂನು ಪದವಿಯಿಲ್ಲದ, ವೇತನ ಪಡೆಯದ ನಾಗರಿಕರು. ಶಿಕ್ಷಕಿ, ಅಂಗಡಿಯವ, ನಿವೃತ್ತ ದಾದಿ ಇಂಥವರು ತರಬೇತಿ ಪಡೆದು, ಸಾಮಾನ್ಯವಾಗಿ ಮೂವರು ಒಟ್ಟಿಗೆ ಕುಳಿತು, ಕಾನೂನು ಬಲ್ಲ ಸಲಹೆಗಾರರ ನೆರವಿನಿಂದ ತೀರ್ಮಾನಿಸುತ್ತಾರೆ. 1361ರ ಕಾಯ್ದೆಯಿಂದ ಬೇರುಬಿಟ್ಟ ಈ ಪದ್ಧತಿ ಇಂದಿಗೂ ನಡೆಯುತ್ತಿರುವುದು ಸೋಜಿಗದ ಸಂಗತಿ. ಕೆಲವೆಡೆ ಅವರ ಬದಲು ವೃತ್ತಿನಿರತ ಜಿಲ್ಲಾ ನ್ಯಾಯಾಧೀಶರೊಬ್ಬರೇ ಕೂರುವುದುಂಟು. ಇಲ್ಲಿ ವಿಧಿಸಬಹುದಾದ ಸೆರೆವಾಸಕ್ಕೆ ಕಟ್ಟುನಿಟ್ಟಿನ ಮಿತಿಯಿದೆ. ಕೊಲೆ, ಅತ್ಯಾಚಾರ, ದರೋಡೆಯಂಥವು ಕ್ರೌನ್ ಕೋರ್ಟಿಗೇ ಹೋಗಬೇಕು. ಕಳವಿನಂಥ ನಡುವಣ ವರ್ಗದ ಅಪರಾಧಗಳಲ್ಲಿ ಜ್ಯೂರಿಯ ಮುಂದೆ ವಿಚಾರಣೆ ಬೇಕೆಂದು ಕೇಳುವ ಆಯ್ಕೆ ಆರೋಪಿಗೆ ಬಹುಕಾಲದಿಂದ ದೊರೆಯುತ್ತ ಬಂದಿದೆ.

ಕ್ರೌನ್ ಕೋರ್ಟ್ ಈ ರೂಪ ಪಡೆದದ್ದು 1972ರಲ್ಲಿ. ಅಲ್ಲಿನ ಜ್ಯೂರಿಗೆ 18ರಿಂದ 75 ವರ್ಷದೊಳಗಿನ ಹನ್ನೆರಡು ಮಂದಿಯನ್ನು ಮತದಾರರ ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಲಾಗುತ್ತದೆ. 1970ರ ದಶಕದ ಆರಂಭದವರೆಗೆ ಆಸ್ತಿಯ ಅರ್ಹತೆಯೂ ಬೇಕಿದ್ದುದರಿಂದ ಬಡವರೂ ಬಹುಪಾಲು ಹೆಂಗಸರೂ ಹೊರಗುಳಿದಿದ್ದರು; ಎಂಟು ಶತಮಾನಗಳ ಹೆಗ್ಗಳಿಕೆಯ ಸಂಸ್ಥೆ ನಿಜವಾಗಿ ಎಲ್ಲರದಾದದ್ದು ಐದು ದಶಕಗಳಿಂದೀಚೆಗೆ ಎಂಬುದನ್ನು ಮರೆಯಬಾರದು. ವಿಚಾರಣೆಯಲ್ಲಿ ಎರಡೂ ಪಕ್ಷಗಳು ತಮ್ಮ ತಮ್ಮ ಸಾಕ್ಷಿಗಳನ್ನು ಕರೆದು, ಎದುರಾಳಿಯ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಡ್ಡುತ್ತವೆ. ನ್ಯಾಯಾಧೀಶರು ತಾವೇ ತನಿಖೆಗೆ ಇಳಿಯದೆ ನಿಯಮ ಮೀರದಂತೆ ನೋಡಿಕೊಳ್ಳುತ್ತಾರೆ, ಕೊನೆಗೆ ಕಾನೂನನ್ನು ಜ್ಯೂರಿಗೆ ವಿವರಿಸುತ್ತಾರೆ. ಆಮೇಲೆ ಜ್ಯೂರಿ ಒಂದು ಕೋಣೆಗೆ ಹೋಗುತ್ತದೆ. ಮೊದಲು ಒಮ್ಮತ ಬೇಕು. ಎರಡು ಗಂಟೆಗೂ ಮೀರಿ ಚರ್ಚಿಸಿದ ಮೇಲೂ ಸಾಧ್ಯವಾಗದಿದ್ದರೆ ಹತ್ತು ಮಂದಿಯ ಬಹುಮತವನ್ನು ನ್ಯಾಯಾಧೀಶರು ಒಪ್ಪಬಹುದು. ಅವರು ಕಾರಣ ಹೇಳುವುದಿಲ್ಲ, ಒಳಗಿನ ಮಾತನ್ನು ಹೊರಗೆ ಆಡಿದರೆ ಅದು ಅಪರಾಧ. ಕಾರಣವಿಲ್ಲದ ತೀರ್ಪನ್ನು ಪ್ರಶ್ನಿಸುವುದು ಹೇಗೆ ಎಂಬ ಆಕ್ಷೇಪಕ್ಕೆ ಬಲವಿದೆ. ಆದರೂ ಯಾರ ಬಡ್ತಿಗೂ ವರ್ಗಾವಣೆಗೂ ಕಟ್ಟುಬೀಳದ, ಆ ಒಂದು ಪ್ರಕರಣ ಮುಗಿದೊಡನೆ ಚದುರಿಹೋಗುವ ಹನ್ನೆರಡು ಜನರನ್ನು ಅಧಿಕಾರಸ್ಥರು ಒಲಿಸಿಕೊಳ್ಳುವುದು ಕಷ್ಟ. ಭಾರತದಲ್ಲಿ 1959ರ ನಾನಾವತಿ ಪ್ರಕರಣದ ನಂತರ ಜ್ಯೂರಿಯ ಮೇಲಿನ ವಿಶ್ವಾಸ ಇನ್ನಷ್ಟು ಕುಗ್ಗಿ, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಉಳಿಯಲಿಲ್ಲ.

ಜ್ಯೂರಿಯ ಮಾತು ಇಷ್ಟು ಕೇಳಿಬಂದರೂ ಕ್ರೌನ್ ಕೋರ್ಟಿಗೆ ಬಂದ ಆರೋಪಿಗಳಲ್ಲಿ ಬಹಳಷ್ಟು ಮಂದಿ ತಪ್ಪೊಪ್ಪಿಕೊಳ್ಳುವುದರಿಂದ ಅವರ ಪ್ರಕರಣ ಜ್ಯೂರಿಯ ಮುಂದೆ ಬರುವುದೇ ಇಲ್ಲ. ಮೊದಲ ಅವಕಾಶದಲ್ಲೇ ಒಪ್ಪಿಕೊಂಡವರಿಗೆ ಶಿಕ್ಷೆಯಲ್ಲಿ ಮೂರನೇ ಒಂದು ಭಾಗದವರೆಗೆ ರಿಯಾಯಿತಿ ಇದೆ. ಸಾಕ್ಷಿಗಳ ಸಂಕಟವೂ ನ್ಯಾಯಾಲಯದ ಸಮಯವೂ ಉಳಿಯುತ್ತವೆ ಎಂಬುದು ಇದರ ಸಮರ್ಥನೆ. ನಿರಪರಾಧಿಯೂ ಸೆರೆವಾಸದ ಭಯದಿಂದ ತಲೆಬಾಗಬಹುದು ಎಂಬುದು ಇದರ ಅಪಾಯ. ಆ ಅಪಾಯ ಕಲ್ಪಿತವಲ್ಲ ಎಂಬುದು ಮುಂದೆ ತಿಳಿಯುತ್ತದೆ.

ವಕೀಲರಲ್ಲೂ ಹಂಚಿಕೆಯಿದೆ. ಕಕ್ಷಿದಾರರು ಮೊದಲು ಕಾಣುವುದು ಸಾಲಿಸಿಟರನ್ನು. ಪತ್ರವ್ಯವಹಾರ, ಕರಾರು, ದಾಖಲೆಗಳ ಸಿದ್ಧತೆ ಅವರದು. ಮೇಲಿನ ನ್ಯಾಯಾಲಯದಲ್ಲಿ ನಿಂತು ವಾದಿಸುವ ತಜ್ಞರು ಬ್ಯಾರಿಸ್ಟರ್. 1990ರ ಕಾಯ್ದೆಯ ನಂತರ ಸಾಲಿಸಿಟರುಗಳೂ ಹೆಚ್ಚಿನ ಅರ್ಹತೆ ಪಡೆದು ಮೇಲಿನ ನ್ಯಾಯಾಲಯಗಳಲ್ಲಿ ವಾದಿಸಬಹುದಾದರೂ ಎರಡು ವೃತ್ತಿಗಳು ಬೇರೆಬೇರೆಯಾಗಿಯೇ ಇವೆ. ಬ್ಯಾರಿಸ್ಟರ್ ಆಗಬೇಕಾದವರು ಲಂಡನ್ನಿನ ನಾಲ್ಕು ಇನ್‌ಗಳಲ್ಲಿ, ಅಂದರೆ ಬ್ಯಾರಿಸ್ಟರುಗಳ ಸಂಘಗಳಲ್ಲಿ, ಒಂದನ್ನು ಸೇರಬೇಕು. ಗಾಂಧೀಜಿ 1891ರಲ್ಲಿ ಇನ್ನರ್ ಟೆಂಪಲ್‌ನಿಂದ, ಡಾ. ಬಿ. ಆರ್. ಅಂಬೇಡ್ಕರ್ 1922ರಲ್ಲಿ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆದರು. ಗಾಂಧೀಜಿಯವರ ಹೆಸರನ್ನು 1922ರಲ್ಲಿ ತೆಗೆದುಹಾಕಿದ ಇನ್ನರ್ ಟೆಂಪಲ್ 1988ರಲ್ಲಿ ಮತ್ತೆ ಸೇರಿಸಿಕೊಂಡಿತು. ತನ್ನ ಪರಿಣತಿಗೆ ಒಳಪಟ್ಟ, ತಕ್ಕ ಶುಲ್ಕದ ಮೊಕದ್ದಮೆ ಬಂದಾಗ ಕಕ್ಷಿದಾರನು ಹೇಯನೆಂದು ಬ್ಯಾರಿಸ್ಟರ್ ನಿರಾಕರಿಸುವಂತಿಲ್ಲ ಎಂಬ ನಿಯಮ ಆ ವೃತ್ತಿಯ ಅತ್ಯುತ್ತಮ ಗುಣ. ಜನರು ದ್ವೇಷಿಸುವ ಆರೋಪಿಗೂ ಅದರಿಂದ ವಕೀಲರು ಸಿಗುತ್ತಾರೆ.

ಸಿವಿಲ್ ವ್ಯಾಜ್ಯಗಳು ಮೊತ್ತ ಮತ್ತು ಜಟಿಲತೆಗೆ ಅನುಗುಣವಾಗಿ ಕೌಂಟಿ ಕೋರ್ಟಿಗೋ ಹೈಕೋರ್ಟಿಗೋ ಹೋಗುತ್ತವೆ. ಹೈಕೋರ್ಟಿನಲ್ಲಿ ಕಿಂಗ್ಸ್ ಬೆಂಚ್, ಚಾನ್ಸರಿ, ಕೌಟುಂಬಿಕ ಎಂಬ ಮೂರು ವಿಭಾಗಗಳಿವೆ. ಇಲ್ಲಿ ಜ್ಯೂರಿ ಬಹುಮಟ್ಟಿಗೆ ಮರೆಯಾಗಿದೆ. 10,000 ಪೌಂಡಿನವರೆಗಿನ ಹೆಚ್ಚಿನ ಸಣ್ಣ ದಾವೆಗಳು ವಕೀಲರಿಲ್ಲದೆಯೂ ನಡೆಯಬಲ್ಲ ಸರಳ ಕ್ರಮದಲ್ಲಿ ತೀರುತ್ತವೆ. ದೊಡ್ಡ ದಾವೆಗಳಲ್ಲಿ ಸೋತವರು ಗೆದ್ದವರ ವಕೀಲರ ಖರ್ಚನ್ನೂ ಬಹುಪಾಲು ಭರಿಸಬೇಕಾಗುವುದರಿಂದ, ಹುರುಳಿಲ್ಲದ ದಾವೆಗಳ ಜೊತೆಗೆ ಹುರುಳಿದ್ದೂ ಹಣವಿಲ್ಲದವರ ದಾವೆಗಳೂ ಹೊರಗೇ ಉಳಿಯುತ್ತವೆ. ನೌಕರಿ, ವಲಸೆ, ಸಾಮಾಜಿಕ ಭತ್ಯೆ, ತೆರಿಗೆಯ ತಕರಾರುಗಳನ್ನು ವಿಶೇಷ ನ್ಯಾಯಮಂಡಳಿಗಳು ನೋಡಿಕೊಳ್ಳುತ್ತವೆ. 1949ರ ಕಾಯ್ದೆಯಿಂದ ಬಂದ ಸರ್ಕಾರಿ ಕಾನೂನು ನೆರವು ಬಡವರಿಗೆ ನ್ಯಾಯಾಲಯದ ಬಾಗಿಲು ತೆರೆದಿತ್ತು. 2012ರ ಕಾಯ್ದೆ ಕೌಟುಂಬಿಕ ಮತ್ತು ಇತರ ಸಿವಿಲ್ ವ್ಯಾಜ್ಯಗಳ ದೊಡ್ಡ ಪಾಲನ್ನು ನೆರವಿನ ವ್ಯಾಪ್ತಿಯಿಂದ ತೆಗೆದುಹಾಕಿತು, ವಕೀಲರಿಲ್ಲದೆ ತಾವೇ ನಿಂತು ವಾದಿಸುವ ಪೋಷಕರು ಕೌಟುಂಬಿಕ ನ್ಯಾಯಾಲಯಗಳಲ್ಲಿ ತುಂಬಿಕೊಂಡರು. ಇಷ್ಟು ಎಚ್ಚರದಿಂದ ಕಟ್ಟಿದ ನ್ಯಾಯಾಲಯಗಳ ಒಳಗೆ ಹೋಗಲು ಹಣವಿಲ್ಲದವರಿಗೆ ಆ ಎಚ್ಚರದಿಂದ ಏನೂ ದಕ್ಕುವುದಿಲ್ಲ.

ಈ ಹಂಚಿಕೆಯಲ್ಲಿ ಬಹುಕಾಲ ಒಂದು ದೊಡ್ಡ ಬಿರುಕಿತ್ತು: ತನಿಖೆ ಮಾಡಿದ ಪೊಲೀಸರೇ ಮೊಕದ್ದಮೆಯನ್ನೂ ಹೂಡುತ್ತಿದ್ದರು. 1974ರ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮಿನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಮಂದಿ ಸತ್ತರು. ಆರು ಐರಿಷ್ ಗಂಡಸರನ್ನು ಹಿಡಿದು ಪಡೆದ ತಪ್ಪೊಪ್ಪಿಗೆಗಳು ಮತ್ತು ದೋಷಪೂರ್ಣ ರಾಸಾಯನಿಕ ಪರೀಕ್ಷೆಯ ಆಧಾರದ ಮೇಲೆ 1975ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ನಿರಪರಾಧಿಗಳಾದ ಅವರು ಹೊರಬಂದದ್ದು 1991ರ ಮಾರ್ಚ್‌ನಲ್ಲಿ. ಗಿಲ್ಡ್‌ಫರ್ಡ್ ಸ್ಫೋಟದ ಪ್ರಕರಣದಲ್ಲಿ ಹೀಗೆಯೇ ತಪ್ಪಾಗಿ ಶಿಕ್ಷೆಗೊಳಗಾಗಿದ್ದ ನಾಲ್ವರು 1989ರಲ್ಲಿ ಬಿಡುಗಡೆಯಾಗಿದ್ದರು. ಇವರ ಕಣ್ಣೀರಿನ ನಡುವಿನ ವರ್ಷಗಳಲ್ಲಿ ಕಾನೂನು ಬದಲಾಗತೊಡಗಿತು. 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆ ಬಂಧಿತರ ಹಕ್ಕುಗಳನ್ನು ನಿಗದಿಪಡಿಸಿ, ವಿಚಾರಣೆಯ ಧ್ವನಿಮುದ್ರಣಕ್ಕೂ ವಕೀಲರ ಸಲಹೆಗೂ ದಾರಿ ಮಾಡಿತು. 1986ರಲ್ಲಿ ಕ್ರೌನ್ ಅಭಿಯೋಜನಾ ಸೇವೆ ಆರಂಭವಾಗಿ, ಶಿಕ್ಷೆಯಾಗುವ ವಾಸ್ತವಿಕ ಸಂಭವವಿದೆಯೇ, ಮೊಕದ್ದಮೆ ಸಾರ್ವಜನಿಕ ಹಿತಕ್ಕೆ ಅಗತ್ಯವೇ ಎಂಬ ಎರಡು ಪ್ರಶ್ನೆಗಳನ್ನು ಪೊಲೀಸರಲ್ಲದವರು ಕೇಳತೊಡಗಿದರು. 1997ರಲ್ಲಿ, ಮೇಲ್ಮನವಿಗಳೆಲ್ಲ ಮುಗಿದ ಮೇಲೂ ಶಂಕೆ ಉಳಿದ ಪ್ರಕರಣಗಳನ್ನು ಮತ್ತೆ ನ್ಯಾಯಾಲಯಕ್ಕೆ ಕಳಿಸಬಲ್ಲ ಸ್ವತಂತ್ರ ಮರುಪರಿಶೀಲನಾ ಆಯೋಗ ಬಂತು.

ಬಿರುಕು ಮುಚ್ಚಿತೆಂದುಕೊಂಡ ಆ ಹೊತ್ತಿಗೇ ಇನ್ನೊಂದು ಕಡೆ ಅದು ಬಾಯಿಬಿಟ್ಟಿತು. ಇಂಗ್ಲೆಂಡಿನಲ್ಲಿ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ಖಾಸಗಿಯಾಗಿ ಅಪರಾಧ ಮೊಕದ್ದಮೆ ಹೂಡುವ ಹಳೆಯ ಹಕ್ಕನ್ನು 1985ರ ಕಾಯ್ದೆಯೂ ಉಳಿಸಿತ್ತು. 1999ರಿಂದ ಅಂಚೆ ಕಚೇರಿಗಳಿಗೆ ಹೊರೈಜನ್ ಎಂಬ ಲೆಕ್ಕಪತ್ರದ ಕಂಪ್ಯೂಟರ್ ವ್ಯವಸ್ಥೆ ಬಂತು; ಅದರ ದೋಷಗಳಿಂದ ಶಾಖೆಗಳ ಲೆಕ್ಕದಲ್ಲಿ ಇಲ್ಲದ ಕೊರತೆಗಳು ಕಾಣಿಸಿದವು. ಪೋಸ್ಟ್ ಆಫೀಸ್ ಸಂಸ್ಥೆ ಅದನ್ನು ಶಾಖೆ ನಡೆಸುವ ಉಪ ಪೋಸ್ಟ್‌ಮಾಸ್ಟರರ ಕಳ್ಳತನವೆಂದು ಬಗೆಯಿತು. ನಷ್ಟಕ್ಕೊಳಗಾದೆನೆಂದ ಸಂಸ್ಥೆಯೇ ತನಿಖೆ ಮಾಡಿತು, ತನ್ನದೇ ವಕೀಲರಿಂದ ಆರೋಪ ಹೊರಿಸಿತು, ಬಹಿರಂಗಪಡಿಸಬೇಕಿದ್ದ ದೋಷಗಳ ಮಾಹಿತಿಯನ್ನು ತನ್ನಲ್ಲೇ ಇಟ್ಟುಕೊಂಡಿತು. ಕಳ್ಳತನದ ಆರೋಪ ಕೈಬಿಡುತ್ತೇವೆ, ಸುಳ್ಳು ಲೆಕ್ಕದ ಆರೋಪ ಒಪ್ಪಿಕೊಳ್ಳಿ ಎಂಬ ಒತ್ತಡಕ್ಕೆ ಮಣಿದು ಎಷ್ಟೋ ಮಂದಿ ಮಾಡದ ತಪ್ಪನ್ನು ಒಪ್ಪಿಕೊಂಡರು. 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಸುಮಾರು 700 ಮಂದಿಯ ಮೇಲೆ ಮೊಕದ್ದಮೆ ಹೂಡಿದ್ದು ಪೋಸ್ಟ್ ಆಫೀಸೇ. ಮನೆ ಕಳೆದುಕೊಂಡವರು, ಸೆರೆಗೆ ಹೋದವರು, ಪ್ರಾಣ ಕಳೆದುಕೊಂಡವರು ಅವರಲ್ಲಿದ್ದಾರೆ. ಊರಿನ ಮೂಲೆಯ ಅಂಗಡಿಯೊಡನೆ ಅಂಚೆ ಶಾಖೆಯನ್ನೂ ನಡೆಸುತ್ತಿದ್ದ ಭಾರತೀಯ ಮೂಲದ ಕುಟುಂಬಗಳೂ ಇದಕ್ಕೆ ಸಿಕ್ಕಿಕೊಂಡವು.

ಮ್ಯಾಜಿಸ್ಟ್ರೇಟರು, ಜ್ಯೂರಿ, ನ್ಯಾಯಾಧೀಶರು, ಮೇಲ್ಮನವಿ ಎಲ್ಲವೂ ಇದ್ದ ದೇಶದಲ್ಲಿ ಇದು ಹದಿನೈದು ವರ್ಷ ನಡೆಯಲು ಒಂದು ಕಾರಣ ಸಾಕ್ಷ್ಯದ ಕಾನೂನಿನಲ್ಲಿತ್ತು. ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪುವ ಮುನ್ನ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕೆಂಬ 1984ರ ಕಾಯ್ದೆಯ 69ನೇ ಕಲಮನ್ನು, ಅದು ಅನಗತ್ಯ ತೊಡಕೆಂಬ ಅಭಿಪ್ರಾಯದ ಮೇಲೆ, 1999ರ ಶಾಸನ ರದ್ದುಮಾಡಿತು. ಅಂದಿನಿಂದ ಯಂತ್ರ ಸರಿಯಾಗಿದೆಯೆಂಬುದೇ ಕಾನೂನಿನ ಗ್ರಹಿಕೆ. ಇಲ್ಲವೆಂಬವರು ಅನುಮಾನಕ್ಕೆ ಆಧಾರ ತೋರಿಸಬೇಕು. ಆಧಾರವೆಲ್ಲ ಎದುರಾಳಿಯ ಬಳಿಯಿದ್ದಾಗ ಹಳ್ಳಿಯ ಪೋಸ್ಟ್‌ಮಾಸ್ಟರ್ ಏನು ತೋರಿಸಬಲ್ಲ? ಬಾಗಿಲು ತೆರೆದದ್ದು ಅಪರಾಧ ನ್ಯಾಯಾಲಯವಲ್ಲ: ಆಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಮಂದಿ ಹೈಕೋರ್ಟಿನಲ್ಲಿ ಸಿವಿಲ್ ದಾವೆ ಹೂಡಿದರು, ನ್ಯಾಯಮೂರ್ತಿ ಫ್ರೇಸರ್ 2019ರ ಡಿಸೆಂಬರ್‌ನಲ್ಲಿ ಹೊರೈಜನ್ನಿನ ದೋಷಗಳನ್ನು ಎಳೆಎಳೆಯಾಗಿ ಬಿಡಿಸಿಟ್ಟರು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ 39 ಮಂದಿಯ ಶಿಕ್ಷೆಯನ್ನು ರದ್ದುಮಾಡಿತು. ಉಳಿದವರಿಗೆ ಒಬ್ಬೊಬ್ಬರಾಗಿ ಕಾಯುವ ವ್ಯವಧಾನವಿಲ್ಲವೆಂದು ಸಂಸತ್ತು 2024ರ ಮೇ ತಿಂಗಳಲ್ಲಿ ಒಂದು ಕಾಯ್ದೆಯಿಂದಲೇ ಅವರ ಶಿಕ್ಷೆಗಳನ್ನು ಒಟ್ಟಾಗಿ ಅಳಿಸಿತು. ನ್ಯಾಯಾಲಯದ ತೀರ್ಪುಗಳನ್ನು ಸಂಸತ್ತು ಹೀಗೆ ಸಾಮೂಹಿಕವಾಗಿ ರದ್ದುಮಾಡಿದ್ದು ಅಧಿಕಾರದ ಹಂಚಿಕೆಗೆ ಸರಿಹೊಂದದ ಕ್ರಮ; ಆ ನೊಂದವರಿಗೆ ಅದಕ್ಕಿಂತ ವೇಗದ ಪರಿಹಾರವಿರಲಿಲ್ಲವೆಂಬುದೂ ಅಷ್ಟೇ ನಿಜ.

ಈಗ ಒತ್ತಡ ಜ್ಯೂರಿಯ ಮೇಲಿದೆ. 2025ರಲ್ಲಿ ಕ್ರೌನ್ ಕೋರ್ಟಿನಲ್ಲಿ ಬಾಕಿಯಿದ್ದ ಪ್ರಕರಣಗಳು 75,000 ದಾಟಿದ್ದವು. ಕೆಲವು ಫಿರ್ಯಾದಿಗಳಿಗೆ ವಿಚಾರಣೆಯ ದಿನ ಸಿಗಲು ವರ್ಷಗಳೇ ಬೇಕಾಗುತ್ತಿವೆ. ನಿವೃತ್ತ ನ್ಯಾಯಮೂರ್ತಿ ಸರ್ ಬ್ರಯಾನ್ ಲೆವೆಸನ್ ಆ ವರ್ಷದ ಜುಲೈನಲ್ಲಿ ನೀಡಿದ ವರದಿ, ನಡುವಣ ವರ್ಗದ ಹಲವು ಅಪರಾಧಗಳನ್ನು ಜ್ಯೂರಿಯ ಬದಲು ಒಬ್ಬ ನ್ಯಾಯಾಧೀಶರು ಮತ್ತು ಇಬ್ಬರು ಮ್ಯಾಜಿಸ್ಟ್ರೇಟರ ಪೀಠದ ಮುಂದೆ ನಡೆಸಬೇಕೆಂದು ಶಿಫಾರಸು ಮಾಡಿತು. ವಿಳಂಬದಿಂದ ನೊಂದವರ ಕಷ್ಟ ಸಣ್ಣದಲ್ಲ. ಆದರೆ ಬಾಕಿ ಬೆಳೆದದ್ದು ಜ್ಯೂರಿಯೊಂದರಿಂದಲೇ ಅಲ್ಲ. ಮುಚ್ಚಿದ ನ್ಯಾಯಾಲಯ ಕಟ್ಟಡಗಳು, ಕಡಿತಗೊಂಡ ಕಲಾಪದ ದಿನಗಳು, ಅಪರಾಧ ಪ್ರಕರಣಗಳನ್ನು ಬಿಟ್ಟುಹೋದ ವಕೀಲರು, ಕೋವಿಡ್ ಎಲ್ಲವೂ ಅದರಲ್ಲಿ ಪಾಲುದಾರರು. ಅವುಗಳನ್ನು ಸರಿಪಡಿಸುವ ಮೊದಲೇ ಬುಶೆಲ್ ಮತ್ತವನ ಸಂಗಡಿಗರು ಗೆದ್ದುಕೊಟ್ಟದ್ದನ್ನು ಮೊಟಕುಗೊಳಿಸುವುದು ಸರಿಯೆನಿಸುವುದಿಲ್ಲ.

ಹೊರೈಜನ್ ಪ್ರಕರಣಗಳಿಗೆ ದಾರಿಮಾಡಿದ, ಕಂಪ್ಯೂಟರಿನ ಮೇಲಿನ ಆ ಕಾನೂನಿನ ನಂಬಿಕೆಯನ್ನು ಬದಲಿಸಬೇಕೇ ಎಂದು ಬ್ರಿಟಿಷ್ ಸರ್ಕಾರ 2025ರ ಜನವರಿಯಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಈ ವಿಷಯದಲ್ಲಿ ಭಾರತ ಹಿಡಿದ ದಾರಿ ಬೇರೆ. ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಬೇಕೆಂಬ 65ಬಿ ಕಲಮು 2000ದಲ್ಲಿ ಭಾರತೀಯ ಸಾಕ್ಷ್ಯ ಕಾಯ್ದೆಗೆ ಸೇರಿತು. ಅದಕ್ಕೆ ಮಾದರಿಯಾದದ್ದು 1968ರ ಇಂಗ್ಲಿಷ್ ಸಿವಿಲ್ ಸಾಕ್ಷ್ಯ ಕಾಯ್ದೆಯ ಐದನೇ ಕಲಮು, ಅದನ್ನು ಇಂಗ್ಲೆಂಡ್ 1995ರ ಕಾಯ್ದೆಯಿಂದ ಕೈಬಿಟ್ಟಿತ್ತು. ತವರಿನಲ್ಲಿ ಹಳತೆಂದು ತೆಗೆದಿಟ್ಟ ಆ ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ, ತಜ್ಞರ ಸಹಿಯೂ ಬೇಕೆಂಬಷ್ಟು ಬಿಗಿಯಾಗಿ, ಮುಂದುವರಿದಿದೆ. ದಾಖಲೆ ಒದಗಿಸುವುದನ್ನು ಅದು ತಡಮಾಡುತ್ತದೆಂಬ ಗೊಣಗು ಕರ್ನಾಟಕದ ವಿಚಾರಣಾ ನ್ಯಾಯಾಲಯಗಳಲ್ಲೂ ಕೇಳಿಬರುತ್ತದೆ. ಹೊರೈಜನ್ ಮೊಕದ್ದಮೆಗಳಲ್ಲಿ ಅಂಥದೊಂದು ಪ್ರಮಾಣಪತ್ರಕ್ಕೆ ಯಾರಾದರೂ ಹೊಣೆಹೊತ್ತು ಸಹಿ ಹಾಕಬೇಕಾಗಿದ್ದರೆ, ಯಂತ್ರದ ದೋಷಗಳ ಬಗ್ಗೆ ನ್ಯಾಯಾಲಯದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಹದಿನೈದು ವರ್ಷ ಮೊದಲೇ ಕೇಳುವ ಸಂದರ್ಭ ಒದಗುತ್ತಿತ್ತು.